ಉರಿಮೂತ್ರ: ಮಾತ್ರೆಗೆ ಮುಂಚೆ ಬಾಟಲಿ

ಪೊನ್ನಂಪೇಟೆ ಹತ್ತಿರದ ಒಂದು ಊರಿನ ಸಮುದಾಯ ಭವನದಲ್ಲಿ, ಸ್ವಸಹಾಯ ಸಂಘದ ಹೆಂಗಸರ ಮುಂದೆ ಆಡಿದ ಮಾತು ಇದು. ಆಮೇಲೆ ನಾನೇ ಕೂತು ಬರೆದೆ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವರ್ಷದಲ್ಲಿ ಒಂದೇ ಒಂದು ದಿನ ನಮ್ಮ ಕೊಡಗಿನಲ್ಲಿ ಎಲ್ಲರೂ ನಾಚಿಕೆ ಬಿಟ್ಟು ಮೂತ್ರದ ಬಗ್ಗೆ ಮಾತಾಡುತ್ತಾರೆ. ಯಾವ ದಿನ ಹೇಳಿ ನೋಡೋಣ? (ಹಿಂದಿನ ಸಾಲಿನಿಂದ ನಗು.) ಹೌದು, ಕಕ್ಕಡ ಪದಿನೆಟ್ಟ್, ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ರಸದಲ್ಲಿ ಪಾಯಸ ಮಾಡಿ ತಿನ್ನುತ್ತೇವೆ. ಆಮೇಲೆ ‘ನಿನಗೆ ಬಣ್ಣ ಬಂತಾ?’ ಅಂತ ಮೊಮ್ಮಕ್ಕಳು ಅಜ್ಜಿಯನ್ನೂ ಬಿಡದೆ ಕೇಳುತ್ತಾರೆ. ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಅಂತ ಸಮಾಧಾನ.

ಉಳಿದ 364 ದಿನ ಬಾಯಿ ಬಂದ್.

ನನ್ನ ಕ್ಲಿನಿಕ್ಕಿಗೆ ಬರುವ ಅಕ್ಕಂದಿರು ಮೊದಲು ಸೊಂಟ ನೋವು ಅನ್ನುತ್ತಾರೆ. ಆಮೇಲೆ ಸುಸ್ತು ಅನ್ನುತ್ತಾರೆ. ಬಿ.ಪಿ. ನೋಡಿ, ಚೀಟಿ ಬರೆದು ಕೊಟ್ಟಾಯಿತು. ಎದ್ದು ಬಾಗಿಲ ತನಕ ಹೋಗುತ್ತಾರೆ. ಅಲ್ಲಿ ನಿಂತು, ಸೆರಗು ಸರಿಮಾಡಿಕೊಳ್ಳುತ್ತಾ, ‘ಡಾಕ್ಟ್ರೇ, ಒಂದಕ್ಕೆ ಹೋದ್ರೆ ಸ್ವಲ್ಪ ಉರಿ’ ಅನ್ನುತ್ತಾರೆ. ಬಂದದ್ದೇ ಅದಕ್ಕೆ! ಎಷ್ಟು ದಿನದಿಂದ ಅಂದರೆ, ಹದಿನೈದು ದಿನ. ಅದಕ್ಕೇ ಇವತ್ತು ಬಾಗಿಲ ಹತ್ತಿರದ ಮಾತನ್ನೇ ಮೊದಲು ಎತ್ತಿಕೊಂಡಿದ್ದೇನೆ.

ಉರಿಮೂತ್ರ ಅಂದ ಕೂಡಲೇ ನಮ್ಮಲ್ಲಿ ಬರುವ ಮಾತು ‘ಉಷ್ಣ ಆಗಿದೆ’. ಕೊತ್ತಂಬರಿ ಕಷಾಯ, ಎಳನೀರು, ಬಾರ್ಲಿ ನೀರು, ಮಜ್ಜಿಗೆ. ಇದನ್ನೆಲ್ಲ ನಾನು ಬೈಯೋಕೆ ಬಂದಿಲ್ಲ. ನೀರು ಕಮ್ಮಿ ಕುಡಿದು ಮೂತ್ರ ಗಟ್ಟಿಯಾಗಿ, ಹಳದಿಯಾಗಿ ಹೋದರೆ ಸುಮ್ನೆ ಹಾಗೇ ಸ್ವಲ್ಪ ಉರಿಯುವುದುಂಟು. ನಾಲ್ಕು ಲೋಟ ನೀರು ಕುಡಿದರೆ ಹೋಗುತ್ತದೆ. ಆದರೆ ನಾನು ಇವತ್ತು ಹೇಳಲು ಬಂದಿರುವುದು ಉಷ್ಣದ ಕಥೆಯಲ್ಲ, ಹುಳದ ಕಥೆ.

ಕಣ್ಣಿಗೆ ಕಾಣದ ಆ ಹುಳದ, ಅಂದರೆ ಬ್ಯಾಕ್ಟೀರಿಯಾದ, ಹೆಸರು ಇ. ಕೊಲೈ. 1885ರಲ್ಲಿ ಥಿಯೋಡೋರ್ ಎಷರಿಕ್ ಎಂಬ ಮಕ್ಕಳ ವೈದ್ಯರು ಎಳೆಮಕ್ಕಳ ಮಲದಲ್ಲಿ ಇದನ್ನು ಗುರುತಿಸಿದರು. ನಮ್ಮೆಲ್ಲರ ಕರುಳಿನಲ್ಲೂ ಇದೆ. ಅಲ್ಲಿದ್ದರೆ ತೊಂದರೆ ಇಲ್ಲ. ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಬಂದು, ಮೂತ್ರನಾಳ ಹತ್ತಿ, ಮೂತ್ರಚೀಲಕ್ಕೆ ಹೋದರೆ ತೊಂದರೆ. ಮೂತ್ರಚೀಲದ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗಿಂತ ಕಮ್ಮಿ ಇಲ್ಲದಷ್ಟು ಇದರದ್ದೇ ಕೆಲಸ.

ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್. ನಮ್ಮದು ಸುಮಾರು 4. ನಿಮ್ಮ ಕಿರುಬೆರಳಿನಷ್ಟು ಉದ್ದವೂ ಇಲ್ಲ. ಜೊತೆಗೆ ಮೂರು ಬಾಗಿಲೂ ಅಕ್ಕಪಕ್ಕ. ಹೆಂಗಸರಲ್ಲಿ ಅರ್ಧದಷ್ಟು ಜನರಿಗೆ ಜೀವನದಲ್ಲಿ ಒಂದು ಸಲವಾದರೂ ಇದು ಬರುತ್ತದೆ ಅನ್ನುವುದಕ್ಕೆ ಮುಖ್ಯ ಕಾರಣ ಈ ಅಳತೆಯೇ. ಕೊಳಕು ಹೆಂಗಸಿಗೆ ಬರುವ ಕಾಯಿಲೆ ಅಂತ ಅತ್ತೆ ಹೇಳಿದರೆ ನಂಬಬೇಡಿ.

ಮೂತ್ರಚೀಲಕ್ಕೆ ಹೋದ ಹುಳವನ್ನು ಮೂತ್ರವೇ ತೊಳೆದು ಹೊರಗೆ ಹಾಕಬೇಕಲ್ವಾ? ಹಾಕುತ್ತದೆ. ಆದರೆ ಇ. ಕೊಲೈ ಮೈಮೇಲೆ ಸಣ್ಣ ಸಣ್ಣ ಕೂದಲಿನಂಥ ಎಳೆಗಳಿವೆ. ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಕಚ್ಚಿಕೊಂಡಿರುತ್ತದೆ, ಎಂಥ ಮಳೆ ಹೊಡೆದರೂ ಜಾರುವುದಿಲ್ಲ. ಹಾಗೇ ಇದು ಮೂತ್ರಚೀಲದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. ನೀವು ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋದವರು ಮಧ್ಯಾಹ್ನ ಎರಡರ ತನಕ ತಡೆದುಕೊಂಡಿದ್ದೀರಿ ಅನ್ನಿ. ಅದಕ್ಕೆ ಎಷ್ಟು ಹೊತ್ತು ಸಿಕ್ಕಿತು, ನೀವೇ ಲೆಕ್ಕ ಹಾಕಿ.

ಇಲ್ಲಿ ಒಬ್ಬರು ಕೈ ಎತ್ತಿದರು. ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಇರುವವರು. ‘ತಡ್ಕೊಳ್ಳದೆ ಎಲ್ಲಿಗೆ ಹೋಗೋದು ಮೇಡಂ? ಮಳೆಗಾಲದಲ್ಲಿ ಗಿಡದ ಮರೆಗೆ ಕೂತ್ರೆ ಜಿಗಣೆ. ಕೊಯ್ಲಿನ ಟೈಮಲ್ಲಿ ಸುತ್ತ ಗಂಡಸ್ರು.’

ಇದಕ್ಕೆ ನನ್ನ ಬ್ಯಾಗಿನಲ್ಲಿ ಮಾತ್ರೆ ಇಲ್ಲ. ಡಿಸೆಂಬರಿನಿಂದ ಮಾರ್ಚ್ ತನಕ ರೋಬಸ್ಟಾ ಕೊಯ್ಲು. ಕೆ.ಜಿ. ಲೆಕ್ಕದ ಕೂಲಿ ಆದರೆ ಒಂದಕ್ಕೆ ಹೋಗಿ ಬರುವ ಹತ್ತು ನಿಮಿಷವೂ ದುಡ್ಡೇ. ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ತೋಟದಲ್ಲಿ ಕೆಲಸಗಾರರಿಗೆ ಕುಡಿಯುವ ನೀರು ಇರಬೇಕು, ಹೆಂಗಸರಿಗೆ ಬೇರೆ ಶೌಚಾಲಯ ಇರಬೇಕು ಅಂತ 1951ರ ಪ್ಲಾಂಟೇಷನ್ ಲೇಬರ್ ಕಾಯ್ದೆಯಲ್ಲೇ ಬರೆದಿತ್ತು. ಎಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ಕೂತಿರುವ ತೋಟದ ಯಜಮಾನತಿಯರಿಗೆ ಒಂದು ಮಾತು: ಲೈನ್ ಮನೆ ಹತ್ತಿರ ಒಂದು ಶೌಚಾಲಯ ಇದ್ದರೆ ಸಾಲದು, ಕೊಯ್ಲು ನಡೆಯುವ ಜಾಗದಲ್ಲಿ ಬೇಕು. ನಾಲ್ಕು ಕಂಬ, ಒಂದು ಶೀಟು, ಒಂದು ಗುಂಡಿ, ಒಂದು ಡ್ರಮ್ ನೀರು. (ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಬ್ಬರು ತಲೆಯಾಡಿಸಿದರು. ಅಷ್ಟು ಸಾಕು.)

ಸರಿ, ಗುರುತು ಹಿಡಿಯುವುದು ಹೇಗೆ? ಹೋಗುವಾಗ ಉರಿ. ಹೋಗಿ ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುವುದು, ಹೋದರೆ ನಾಲ್ಕು ಹನಿ. ತಡೆಯಲಾಗದ ಅವಸರ. ಕಿಬ್ಬೊಟ್ಟೆಯಲ್ಲಿ ಹಿಡಿದ ಹಾಗೆ ನೋವು. ಕೆಲವರಿಗೆ ರಕ್ತ. ಬರೀ ವಾಸನೆ ಬಂತು, ಕದಡಿದ ಹಾಗಿದೆ ಅಂದ ಮಾತ್ರಕ್ಕೆ ಸೋಂಕು ಅಲ್ಲ.

ಮಳೆಗಾಲದಲ್ಲಿ ಇನ್ನೊಂದು ಗೊಂದಲ ಇದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಒಳಬಟ್ಟೆ ಒಣಗುವುದೇ ಇಲ್ಲ. ಒಲೆಯ ಹತ್ತಿರ ಹರವಿ, ಅರ್ಧ ಒದ್ದೆ ಇರುವುದನ್ನೇ ಹಾಕಿಕೊಳ್ಳುತ್ತೇವೆ. ಹೊಗೆ ವಾಸನೆ ಬೇರೆ. ಇದರಿಂದ ಬರುವುದು ಫಂಗಸ್. ಹೊರಗೆ ತುರಿಕೆ, ಮೊಸರು ಒಡೆದ ಹಾಗೆ ಬಿಳಿಸೆರಗು, ಮೂತ್ರ ತಾಗಿದಾಗ ಹೊರಚರ್ಮ ಚುರುಚುರು. ಅದೂ ಉರಿಯೇ, ಆದರೆ ಉರಿಮೂತ್ರ ಅಲ್ಲ. ಅದಕ್ಕೆ ಆಂಟಿಬಯೋಟಿಕ್ ನುಂಗಿದರೆ ಫಂಗಸ್ ಇನ್ನೂ ಜಾಸ್ತಿ ಆಗುತ್ತದೆ. ಆದ್ದರಿಂದ ನಾನು ‘ಉರಿ ಒಳಗಾ, ಹೊರಗಾ?’ ಅಂತ ಕೇಳಿದರೆ ನಾಚದೆ ಹೇಳಿ. ಈ ಒಂದು ಉತ್ತರಕ್ಕೆ ಒಂದು ಟೆಸ್ಟಿನ ಬೆಲೆ ಇದೆ.

ಇನ್ನು ಜ್ವರ, ನಡುಕ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಬದಿಗೆ ನೋವು, ವಾಂತಿ ಬಂತು ಅಂದರೆ ಹುಳ ಮೂತ್ರಚೀಲದಿಂದ ಮೇಲೆ ಕಿಡ್ನಿಗೆ ಹತ್ತಿದೆ. ಆಗ ಎಳನೀರೂ ಬೇಡ, ನಾಳೆ ನೋಡೋಣವೂ ಬೇಡ. ಅವತ್ತೇ ಆಸ್ಪತ್ರೆ.

ಇದನ್ನು ನಾನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಹೌಸ್ ಸರ್ಜನ್ ಆಗಿದ್ದಾಗ, ಒಂದರ ಹಿಂದೆ ಒಂದು ನೈಟ್ ಡ್ಯೂಟಿ. ನೀರಿಲ್ಲ, ಬಾತ್‌ರೂಮಿಗೆ ಹೋಗಲು ಪುರುಸೊತ್ತಿಲ್ಲ. ಉರಿ ಶುರುವಾಯಿತು. ಡ್ರಾಯರಿನಲ್ಲಿ ಯಾರೋ ಬಿಟ್ಟುಹೋದ ಆಂಟಿಬಯೋಟಿಕ್, ನಾರ್‌ಫ್ಲಾಕ್ಸಾಸಿನ್ ಇತ್ತು. ಎರಡು ದಿನ ನುಂಗಿದೆ, ಕಡಿಮೆಯಾಯಿತು, ಮರೆತೆ. ಹತ್ತನೇ ದಿನ ವಾರ್ಡಿನಲ್ಲಿ ರೋಗಿಗೆ ಇಂಜೆಕ್ಷನ್ ಕೊಡುತ್ತಾ ನಿಂತವಳಿಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಅದೇ ವಾರ್ಡಿನ ಕೊನೆಯ ಮಂಚದಲ್ಲಿ ನನ್ನನ್ನು ಮಲಗಿಸಿ ಡ್ರಿಪ್ ಹಾಕಿದರು. ಹಿರಿಯ ಸಿಸ್ಟರ್ ಒಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಮಾತ್ರೆಗೆ ಮುಂಚೆ ಬಾಟಲಿ ಕಳಿಸಿದ್ರಾ ಡಾಕ್ಟ್ರಮ್ಮ?’ ಕಳಿಸಿರಲಿಲ್ಲ.

ಬಾಟಲಿ ಅಂದರೆ ಪರೀಕ್ಷೆಗೆ ಲ್ಯಾಬಿಗೆ ಕಳಿಸುವ ಮೂತ್ರ. ಎಲ್ಲರಿಗೂ ಅದು ಬೇಕು ಅಂತಲ್ಲ. ಆರೋಗ್ಯವಾಗಿರುವ ಹೆಂಗಸು, ಬಸುರಿ ಅಲ್ಲ, ಮೊದಲ ಸಲ, ಉರಿ ಇದೆ, ಪದೇ ಪದೇ ಹೋಗುತ್ತಿದ್ದಾಳೆ, ಬಿಳಿಸೆರಗು ಇಲ್ಲ. ಇಷ್ಟಿದ್ದರೆ ಲಕ್ಷಣ ಕೇಳಿಯೇ ಡಾಕ್ಟರು ಔಷಧಿ ಶುರುಮಾಡಬಹುದು. ಆದರೆ ಮತ್ತೆ ಮತ್ತೆ ಬರುತ್ತಿದ್ದರೆ, ಬಸುರಿಯಾಗಿದ್ದರೆ, ಶುಗರ್ ಇದ್ದರೆ, ಜ್ವರ ಇದ್ದರೆ, ಗಂಡಸಿಗೆ ಅಥವಾ ಮಗುವಿಗೆ ಬಂದಿದ್ದರೆ, ಔಷಧಿ ತಗೊಂಡೂ ಇಳಿಯದಿದ್ದರೆ ಕಲ್ಚರ್, ಅಂದರೆ ಮೂತ್ರದಲ್ಲಿರುವ ಹುಳವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಬೇಕೇ ಬೇಕು. ಮೊದಲ ಮಾತ್ರೆ ನುಂಗುವ ಮುಂಚೆ. ನುಂಗಿದ ಮೇಲೆ ಕೊಟ್ಟರೆ ಹುಳ ಪ್ಲೇಟಿನಲ್ಲಿ ಬೆಳೆಯದೆ ಇರಬಹುದು, ನಿಮ್ಮೊಳಗೆ ಇದ್ದೂ.

ಬಾಟಲಿ ತುಂಬಿಸುವುದರಲ್ಲೇ ಅರ್ಧ ಪರೀಕ್ಷೆ ಇದೆ. (ಇಲ್ಲಿ ನಾನು ಲ್ಯಾಬಿನ ಬಾಟಲಿ ಒಂದನ್ನು ಎತ್ತಿ ತೋರಿಸಿದೆ.) ಟಾನಿಕ್ ಬಾಟಲಿ ತೊಳೆದು ತರಬೇಡಿ. ಲ್ಯಾಬಿನವರು ಕೊಡುವ ಈ ಡಬ್ಬಿಯೇ ಆಗಬೇಕು. ಕೈ ತೊಳೆಯಿರಿ. ಆ ಜಾಗವನ್ನು ಬರೀ ನೀರಿನಲ್ಲಿ ತೊಳೆಯಿರಿ. ಮುಚ್ಚಳ ತೆಗೆದು ಬಾಯಿ ಮೇಲೆ ಮಾಡಿ ಇಡಿ, ಒಳಗೆ ಬೆರಳು ಹಾಕಬೇಡಿ. ಎರಡು ಬೆರಳಿನಲ್ಲಿ ಆ ಜಾಗದ ತುಟಿ ಬಿಡಿಸಿ ಹಿಡಿದು, ಮೊದಲು ಬರುವುದನ್ನು ಹಾಗೇ ಬಿಟ್ಟುಬಿಡಿ. ಅದರಲ್ಲಿ ಬಾಗಿಲ ಹುಳಗಳು ಬರುತ್ತವೆ. ನಡುವಿನದ್ದನ್ನು ಹಿಡಿಯಿರಿ. ಕೊನೆಯದನ್ನೂ ಬಿಡಿ.

ಹಿಡಿದ ಮೇಲೆ ಏನು ಮಾಡುತ್ತೀರಿ? ವ್ಯಾನಿಟಿ ಬ್ಯಾಗಿಗೆ ಹಾಕಿ ಬಸ್ ಹತ್ತುತ್ತೀರಿ. ದಾರಿಯಲ್ಲಿ ಗೋಣಿಕೊಪ್ಪದಲ್ಲಿ ಇಳಿದು ಒಂದು ಕೆಲಸ ಮುಗಿಸುತ್ತೀರಿ, ಮಡಿಕೇರಿ ತಲುಪುವಾಗ ಮಧ್ಯಾಹ್ನ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಪಾತ್ರೆ ಮೀರಿ ಉಕ್ಕುತ್ತದಲ್ಲ, ಹಾಗೆ ಬಾಟಲಿಯಲ್ಲಿ ನಾಲ್ಕು ಹುಳ ನಾಲ್ಕು ಸಾವಿರ ಆಗಿರುತ್ತದೆ. ಕಾಯಿಲೆ ಇಲ್ಲದವರಿಗೂ ಕಾಯಿಲೆ ಅಂತ ರಿಪೋರ್ಟು. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಆಗದಿದ್ದರೆ ಫ್ರಿಜ್ಜಿನಲ್ಲಿಟ್ಟು, ತಣ್ಣಗೇ ತನ್ನಿ. ಫ್ರೀಜರಿನಲ್ಲಿ ಅಲ್ಲ. ಫ್ರಿಜ್ಜಿನಲ್ಲಿದ್ದರೂ 24 ಗಂಟೆ ಮೀರಬಾರದು.

ರಿಪೋರ್ಟ್ ಬಗ್ಗೆ ಎರಡು ಮಾತು. ಸಣ್ಣ ಪಟ್ಟಿ ಅದ್ದಿ ನೋಡುವ ಪರೀಕ್ಷೆಯಲ್ಲಿ ನೈಟ್ರೈಟ್ ಅಂತ ಒಂದು ಚೌಕ ಇದೆ. ಹುಳ ಮೂತ್ರದ ನೈಟ್ರೇಟನ್ನು ನೈಟ್ರೈಟ್ ಮಾಡಲು ಸುಮಾರು ನಾಲ್ಕು ಗಂಟೆ ಬೇಕು. ಪಾಪ, ಉರಿಮೂತ್ರದವರು ಹತ್ತು ನಿಮಿಷಕ್ಕೊಮ್ಮೆ ಹೋಗುತ್ತಿರುತ್ತಾರೆ! ಅದಕ್ಕೇ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಕಲ್ಚರಿನಲ್ಲಿ ಒಂದು ಮಿಲಿಲೀಟರಿಗೆ 1 ಲಕ್ಷ ಹುಳ ಇದ್ದರೆ ಸೋಂಕು ಅನ್ನುವ ಗೆರೆ 1950ರ ದಶಕದಲ್ಲಿ ಎಡ್ವರ್ಡ್ ಕಾಸ್ ಎಂಬ ಅಮೆರಿಕದ ವೈದ್ಯರ ಕೆಲಸದಿಂದ ಬಂತು. ಲಕ್ಷಣ ಇದ್ದವರಲ್ಲಿ ಅದಕ್ಕಿಂತ ಕಮ್ಮಿ ಇದ್ದರೂ ನಾವು ಲೆಕ್ಕಕ್ಕೆ ತಗೊಳ್ಳುತ್ತೇವೆ. ಲಕ್ಷಣವೇ ಇಲ್ಲದವರಲ್ಲಿ, ಮಾಸ್ಟರ್ ಚೆಕಪ್‌ನಲ್ಲಿ ಹುಳ ಸಿಕ್ಕಿತು ಅಂತ ಓಡಿ ಬಂದರೆ, ಬಸುರಿಯರನ್ನು ಮತ್ತು ಮೂತ್ರನಾಳದ ಆಪರೇಷನ್‌ಗೆ ಹೋಗುವವರನ್ನು ಬಿಟ್ಟರೆ, ಸಾಮಾನ್ಯವಾಗಿ ಔಷಧಿ ಬೇಡ. ಇದನ್ನು ಒಪ್ಪಿಸುವುದೇ ನನಗೆ ದೊಡ್ಡ ಕಷ್ಟ. ಮಾತ್ರೆ ಬರೆಯದ ಡಾಕ್ಟರಿಗೆ ಊರಲ್ಲಿ ಬೆಲೆ ಇಲ್ಲ.

ಬಸುರಿಯರ ಮಾತು ಬೇರೆ. ಗರ್ಭಕೋಶ ಒತ್ತುತ್ತದೆ, ಹಾರ್ಮೋನಿನಿಂದ ಮೂತ್ರದ ಕೊಳವೆಗಳು ಸಡಿಲವಾಗುತ್ತವೆ, ಹುಳ ಸುಲಭವಾಗಿ ಕಿಡ್ನಿಗೆ ಹತ್ತುತ್ತದೆ. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಆಶಾ ಕಾರ್ಯಕರ್ತೆ ಬಂದು ಮೂತ್ರ ಪರೀಕ್ಷೆಗೆ ಹೋಗಿ ಅಂದರೆ, ನನಗೆ ಏನೂ ಆಗಿಲ್ಲ ಅನ್ನಬೇಡಿ. ಏನೂ ಅನ್ನಿಸದೆಯೇ ಇರುವುದು ಇದರ ಗುಣ.

ಈ ಹೊತ್ತಿಗೆ ಮೂರನೇ ಸಾಲಿನ ಒಬ್ಬರು ಅಕ್ಕ ಪರ್ಸಿನಿಂದ ಒಂದು ಆಂಟಿಬಯೋಟಿಕ್ ಸ್ಟ್ರಿಪ್ ತೆಗೆದರು. ಆಫ್ಲಾಕ್ಸಾಸಿನ್. ಹತ್ತರಲ್ಲಿ ಆರು ಖಾಲಿ. ‘ಮೆಡಿಕಲ್ ಶಾಪಲ್ಲಿ ಉರಿಮೂತ್ರ ಅಂದ್ರೆ ಇದನ್ನೇ ಕೊಡ್ತಾರೆ. ಎರಡು ದಿನಕ್ಕೆ ಕಡಿಮೆ. ಈ ವರ್ಷ ನಾಲ್ಕನೇ ಸಲ. ನಿನ್ನೆಯಿಂದ ಮತ್ತೆ ಶುರು, ಇವತ್ತು ರಾತ್ರಿಯಿಂದ ತಗೊಳ್ಳೋಣ ಅಂತಿದ್ದೆ.’

ಸ್ಟ್ರಿಪ್ ಇಸಿದುಕೊಂಡು ಎಲ್ಲರಿಗೂ ತೋರಿಸಿದೆ. ಇದರ ಹಿಂದೆ ಒಂದು ಕೆಂಪು ಗೆರೆ ಇದೆ ನೋಡಿ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಈ ಜಾತಿಯ ಮಾತ್ರೆಗಳನ್ನು ನಾವು ಎಷ್ಟು ನುಂಗಿದ್ದೇವೆ ಅಂದರೆ, ನಮ್ಮ ದೇಶದ ಇ. ಕೊಲೈಗಳಲ್ಲಿ ಬಹಳಷ್ಟಕ್ಕೆ ಇದು ನಾಟುವುದೇ ಇಲ್ಲ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ವರ್ಷ ವರ್ಷ ತರುವ ವರದಿಗಳು ಇದನ್ನೇ ಹೇಳುತ್ತಿವೆ.

‘ಮತ್ತೆ ಕಡಿಮೆ ಹೇಗೆ ಆಗುತ್ತೆ?’ ಅಂತ ಅವರು ಬಿಡಲಿಲ್ಲ. ಒಳ್ಳೆಯ ಪ್ರಶ್ನೆ. ಕೆಲವರಿಗೆ ಮೂತ್ರಚೀಲದ ಸೋಂಕು ತಾನಾಗೇ ಹೋಗುತ್ತದೆ. 2015ರಲ್ಲಿ ಜರ್ಮನಿಯಿಂದ ಒಂದು ಅಧ್ಯಯನ ಬಂತು. ಸುಮಾರು 500 ಹೆಂಗಸರು. ಅರ್ಧ ಜನಕ್ಕೆ ಆಂಟಿಬಯೋಟಿಕ್, ಅರ್ಧ ಜನಕ್ಕೆ ಬರೀ ಐಬುಪ್ರೊಫೆನ್. ನೋವಿನ ಮಾತ್ರೆ ತಗೊಂಡವರಲ್ಲಿ ಮೂರರಲ್ಲಿ ಎರಡು ಪಾಲು ಜನ ಆಂಟಿಬಯೋಟಿಕ್ ಇಲ್ಲದೆ ಸುಧಾರಿಸಿದರು. ಆದರೆ ಅದೇ ಗುಂಪಿನಲ್ಲಿ ಕಿಡ್ನಿಗೆ ಹತ್ತಿದವರೂ ಜಾಸ್ತಿ. ಹಾಗಾಗಿ ಎಳನೀರಿಗೆ, ಅರ್ಧ ಸ್ಟ್ರಿಪ್ಪಿಗೆ ಬಂದ ಹೆಸರಿನಲ್ಲಿ ಸ್ವಲ್ಪ ನಮ್ಮ ಮೈಯದ್ದೇ ಸಂಪಾದನೆ.

ಈಗ ನಾವು ಮೊದಲು ಯೋಚಿಸುವ ಔಷಧಿ ಹಳೆಯದೇ, ನೈಟ್ರೋಫ್ಯುರಾಂಟೋಯಿನ್. ಸಾಮಾನ್ಯವಾಗಿ ಐದು ದಿನ, ಊಟದ ಜೊತೆ. ಮೂತ್ರ ಕಂದು ಬಣ್ಣಕ್ಕೆ ಹೋಗಬಹುದು, ಹೆದರಬೇಡಿ. ಕಿಡ್ನಿ ಸೋಂಕಿಗೆ ಇದು ಆಗದು, ಕಿಡ್ನಿ ಕೆಲಸ ಕುಗ್ಗಿದವರಿಗೂ ಹೆರಿಗೆ ಹತ್ತಿರ ಬಂದವರಿಗೂ ಬೇಡ. ಇನ್ನೊಂದು ಫಾಸ್ಫೊಮೈಸಿನ್, ನೀರಿಗೆ ಕದಡಿ ಕುಡಿಯುವ 3 ಗ್ರಾಂ ಪುಡಿ, ಒಂದೇ ಸಲ. ಉರಿ ಕಡಿಮೆ ಮಾಡುವ ಸಿಹಿ ಸಿರಪ್ ಇದೆಯಲ್ಲ, ಅದು ಮೂತ್ರದ ಹುಳಿ ಕಮ್ಮಿ ಮಾಡುತ್ತದೆ, ಹುಳವನ್ನು ಕೊಲ್ಲುವುದಿಲ್ಲ. ನೈಟ್ರೋಫ್ಯುರಾಂಟೋಯಿನ್‌ಗೆ ಹುಳಿ ಮೂತ್ರವೇ ಇಷ್ಟ. ಎರಡನ್ನೂ ಒಟ್ಟಿಗೆ ಕುಡಿದರೆ ಒಂದು ಇನ್ನೊಂದರ ಕಾಲೆಳೆಯುತ್ತದೆ.

ಬಾರದ ಹಾಗೆ ಏನು ಮಾಡೋದು ಅಂತ ಎಲ್ಲರೂ ಕೇಳುತ್ತಾರೆ. ನೀರಿನಿಂದ ಶುರುಮಾಡೋಣ, ಯಾಕೆಂದರೆ ಅದಕ್ಕೆ ಲೆಕ್ಕ ಇದೆ. ಬಲ್ಗೇರಿಯಾದಲ್ಲಿ ಪದೇ ಪದೇ ಸೋಂಕು ಬರುವ, ನೀರು ಕಮ್ಮಿ ಕುಡಿಯುವ 140 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿಯಿರಿ ಅಂದರು. ವರ್ಷದಲ್ಲಿ ಉಳಿದವರಿಗೆ ಸರಾಸರಿ 3.2 ಸಲ ಬಂತು, ಇವರಿಗೆ 1.7 ಸಲ. 2018ರಲ್ಲಿ ಪ್ರಕಟವಾಯಿತು. ಮಳೆಗಾಲದಲ್ಲಿ ನಮಗೆ ಬಾಯಾರುವುದಿಲ್ಲ, ಗೊತ್ತು. ಬಿಸಿನೀರೇ ಕುಡಿಯಿರಿ. ಬೆಲ್ಲದ ಕಾಫಿ? ಉರಿ ಇರುವಾಗ ಕಾಫಿ ಮೂತ್ರಚೀಲವನ್ನು ಕೆರಳಿಸುತ್ತದೆ, ನಾಲ್ಕು ದಿನ ಕಮ್ಮಿ ಮಾಡಿ. ಪೂರ್ತಿ ಬಿಡಿ ಅಂತ ಕೊಡಗಿನಲ್ಲಿ ನಿಂತು ಹೇಳುವ ಧೈರ್ಯ ನನಗಿಲ್ಲ. ಹೃದಯ, ಕಿಡ್ನಿ ತೊಂದರೆಗೆ ನೀರು ಅಳೆದು ಕುಡಿಯಿರಿ ಅಂದಿದ್ದರೆ ಆ ಮಾತೇ ನಡೆಯಲಿ.

ತೊಳೆಯುವುದು, ಒರೆಸುವುದು ಮುಂದಿನಿಂದ ಹಿಂದಕ್ಕೆ. ಗಂಡ ಹೆಂಡತಿ ಸೇರಿದ ಮೇಲೆ ಎದ್ದು ಒಂದಕ್ಕೆ ಹೋಗಿ ಬನ್ನಿ. ಡೆಟಾಲ್, ವಾಸನೆಯ ಲಿಕ್ವಿಡ್ ಯಾವುದೂ ಆ ಜಾಗಕ್ಕೆ ಬೇಡ, ಅಲ್ಲಿ ನಮ್ಮನ್ನು ಕಾಯುವ ಒಳ್ಳೆಯ ಹುಳಗಳಿವೆ. ಮುಟ್ಟು ನಿಂತ ಅಮ್ಮಂದಿರಿಗೆ ಈಸ್ಟ್ರೋಜನ್ ಹಾರ್ಮೋನು ಕಮ್ಮಿಯಾಗಿ ಆ ಕಾವಲು ಹೋಗುತ್ತದೆ. ಅವರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ. ಪದೇ ಪದೇ ಬರುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಡಾಕ್ಟರ್ ಹತ್ತಿರ ಕೇಳಿ. ಕ್ರ್ಯಾನ್‌ಬೆರಿ ಪದೇ ಪದೇ ಬರುವವರಿಗೆ ಸ್ವಲ್ಪ ತಡೆಯುತ್ತದೆ, ಬಂದದ್ದನ್ನು ವಾಸಿ ಮಾಡುವುದಿಲ್ಲ, ಬೆಲೆಯೂ ಜಾಸ್ತಿ. ಭಾರ ಹೊತ್ತು ಹೊತ್ತು ಗರ್ಭಕೋಶ ಜಾರಿದವರಿಗೆ ಮೂತ್ರ ಪೂರ್ತಿ ಖಾಲಿ ಆಗುವುದಿಲ್ಲ, ನಿಂತ ನೀರು ಕೆಡುತ್ತದೆ. ಅದನ್ನು ಮುಚ್ಚಿಡಬೇಡಿ. ಶಾಲೆಯಲ್ಲಿ ತಡೆದುಕೊಳ್ಳುವ ಹೆಣ್ಣುಮಕ್ಕಳಿಗೆ ಮಲಬದ್ಧತೆ ಇದೆಯಾ ನೋಡಿ, ಎರಡೂ ಜೊತೆಜೊತೆ ಬರುತ್ತವೆ.

‘ನಮಗೆ ಬರಲ್ವಾ?’ ಅಂತ ಕೇಳಿದ್ದು ಮೈಕ್ ಸೆಟ್ಟಿನವರು. ಬರುತ್ತದೆ ಅಣ್ಣ. ಐವತ್ತು ದಾಟಿದ ಮೇಲೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಒಳಗೇ ಉಳಿದರೆ ಬರುತ್ತದೆ. ಗಂಡಸಿಗೆ ಬಂದರೆ ಯಾಕೆ ಬಂತು ಅಂತ ಹುಡುಕಲೇಬೇಕು.

ಸಭೆ ಮುಗಿದು ಹೊರಡುವಾಗ ಸ್ಟ್ರಿಪ್‌ನ ಅಕ್ಕನಿಗೆ ಒಂದು ಖಾಲಿ ಬಾಟಲಿ ಕೊಟ್ಟೆ. ಜ್ವರ ಇರಲಿಲ್ಲ, ಒಂದು ರಾತ್ರಿ ತಡೆಯಬಹುದು. ನಾಳೆ ಬೆಳಿಗ್ಗೆ ಮೊದಲನೆಯದನ್ನು ತನ್ನಿ, ರಾತ್ರಿ ಜ್ವರ ಬಂದರೆ ಕಾಯಬೇಡಿ ಅಂದೆ.

ಮರುದಿನ ಒಂಬತ್ತಕ್ಕೇ ಬಂದರು. ಕೈಯಲ್ಲಿ ಮೀನು ತರುವ ಥರ್ಮೋಕೋಲ್ ಡಬ್ಬಿ. ತೆಗೆದರೆ ಐಸಿನ ಮಧ್ಯೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ನನ್ನ ಬಾಟಲಿ. ‘ಮತ್ತಿ ಮೀನಿನ ವಾಸನೆ ಹೋಗಿಲ್ಲ ಡಾಕ್ಟ್ರೇ, ಆದ್ರೆ ತಣ್ಣಗಿದೆ’ ಅಂದರು. ಈ ಸಲ ಬಾಗಿಲ ತನಕ ಹೋಗಿ ತಿರುಗಲಿಲ್ಲ. ಕೂತ ಕೂಡಲೇ ಎಲ್ಲ ಹೇಳಿದರು.

ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಇ. ಕೊಲೈ, 1 ಲಕ್ಷಕ್ಕೂ ಮೇಲೆ. ನೈಟ್ರೋಫ್ಯುರಾಂಟೋಯಿನ್ ಎದುರು ‘ಎಸ್’, ಅಂದರೆ ನಾಟುತ್ತದೆ. ಆಫ್ಲಾಕ್ಸಾಸಿನ್ ಎದುರು ‘ಆರ್’. ಉಳಿದ ನಾಲ್ಕು ಮಾತ್ರೆಗಳ ಆ ಸ್ಟ್ರಿಪ್ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲೇ ಇದೆ.